ಸಿದ್ರಾಯ ಮಾಸ್ತರರು ನುಂಗಿದ ಮಾತು

ಮೂಡಲಗಿಯ ಸಿದ್ರಾಯ ಮಾಸ್ತರರಿಗೆ ಪೇಪರಿಗೆ ಪತ್ರ ಬರೆಯುವ ಚಟ ಇತ್ತು. ರಸ್ತೆಯ ತಗ್ಗು, ಬೀದಿದೀಪ ಅಂಥ ಸಂಗತಿಗಳ ಬಗ್ಗೆ ಅಲ್ಲ. ಪರೀಕ್ಷೆ ಹೇಗಿರಬೇಕು, ಸಣ್ಣ ಶಾಲೆ ಒಳ್ಳೆಯದೋ ದೊಡ್ಡದೋ, ಸರಕಾರ ಯಾವ ಮಕ್ಕಳ ಕಡೆ ಮೊದಲು ನೋಡಬೇಕು, ಇಂಥವು. ಅಚ್ಚಾದ ಪತ್ರಗಳನ್ನು ಕತ್ತರಿಸಿ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸಿ ಇಡುತ್ತಿದ್ದರು.

ಅವರ ಹೆಂಡತಿ ದಾಕ್ಷಾಯಿಣಿಯವರಿಗೆ ಇದೊಂದು ನಗೆಚಾಟಿಕೆ. "ಅಡಗಿಮನಿ ನಳ ಸೋರಾಕತ್ತು ತಿಂಗಳಾತು. ಅದರ ಮ್ಯಾಲೂ ಒಂದು ಪತ್ರ ಬರೀರಿ, ಪೇಪರ್ ಓದಿ ಯಾರರ ಬಂದು ರಿಪೇರಿ ಮಾಡ್ತಾರ" ಎನ್ನುತ್ತಿದ್ದರು.

ನಾನು ನಾಗನೂರಿನವನು, ಮಲ್ಲೇಶ. ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನು. ಒಂದೇ ಶಾಲೆಯಲ್ಲಿ ಆರು ವರ್ಷ ಅವರ ಜೊತೆ ಪಾಠ ಮಾಡಿದ್ದೇನೆ. ಈಗ ಹೇಳುವುದರಲ್ಲಿ ಕೆಲವನ್ನು ನಾನೇ ಕಣ್ಣಾರೆ ಕಂಡೆ. ಉಳಿದದ್ದನ್ನು ಅವರೇ ನನಗೆ ಹೇಳಿದರು. ಒಮ್ಮೆಲೇ ಅಲ್ಲ, ಮುಳ್ಳು ತೆಗೆದ ಹಾಗೆ ಸ್ವಲ್ಪ ಸ್ವಲ್ಪ.

ಮಾಸ್ತರರು ಹುಟ್ಟಿದ್ದು ಕೌಜಲಗಿಯಲ್ಲಿ. ಮೊದಲ ನೌಕರಿ ಸಿಕ್ಕಿದ್ದು ೧೯೮೯ರಲ್ಲಿ, ಜೋಡಬೇವಿನ ತೋಟದ ಶಾಲೆಯಲ್ಲಿ. ನಮ್ಮ ಭಾಗದಲ್ಲಿ ಊರೊಳಗೆ ಇರುವಷ್ಟೇ ಜನ ಹೊಲದಲ್ಲಿ ಮನೆ ಕಟ್ಟಿಕೊಂಡು ಇರುತ್ತಾರೆ. ಇಪ್ಪತ್ತು ಮೂವತ್ತು ಮನೆ ಕೂಡಿದ ಕಡೆ ಅದಕ್ಕೊಂದು ತೋಟದ ಹೆಸರು ಬೀಳುತ್ತದೆ, ಒಂದು ಸಣ್ಣ ಶಾಲೆ ಬರುತ್ತದೆ. ಜೋಡಬೇವಿನ ತೋಟದಲ್ಲಿ ಇದ್ದದ್ದು ಒಂದು ಕೋಣೆ, ಒಂದು ಕಟ್ಟೆ. ಮಾಸ್ತರರಿಗೆ ಆಗ ಇನ್ನೂ ಮದುವೆ ಆಗಿರಲಿಲ್ಲ. ಶಾಲೆಯ ಬಾಜೂ ಮನೆಗೆ ಹೊಸದಾಗಿ ಮದುವೆಯಾಗಿ ಬಂದಿದ್ದ ಸೊಸೆ ಸತ್ತೆವ್ವ ದಿನಾ ಎರಡು ಹೊತ್ತು ರೊಟ್ಟಿ ಬಡಿದು ಕಳಿಸುತ್ತಿದ್ದಳು. ನಾಲ್ಕು ವರ್ಷ ಆ ಮನೆಯ ಅನ್ನ ಉಂಡವರು ಅವರು.

ಆ ತೋಟದ ಪಕ್ಕದಲ್ಲೇ ಕಾಲುವೆ. ಆಚೆ ದಂಡೆಯಲ್ಲಿ ಒಂದು ದೊಡ್ಡ ಊರು, ಅಲ್ಲೊಂದು ದೊಡ್ಡ ಶಾಲೆ. ಕಟ್ಟೆಯ ಮೇಲೆ ನಿಂತರೆ ಆ ಶಾಲೆಯ ಕೆಂಪು ಹಂಚು ಕಾಣುತ್ತದೆ. ಕಾಣುತ್ತದೆ ಅಷ್ಟೇ. ಸೇತುವೆ ಇರುವುದು ಎರಡು ಕಿಲೋಮೀಟರ್ ಕೆಳಗೆ. ದಂಡೆ ಹಿಡಿದು ಅಲ್ಲಿಗೆ ಹೋಗಿ, ದಾಟಿ, ಮತ್ತೆ ಅಷ್ಟೇ ದಾರಿ ಹಿಂದಕ್ಕೆ ಬರಬೇಕು. ಇದು ಮಾಸ್ತರರಿಗೆ ಗೊತ್ತಿಲ್ಲದ ಸಂಗತಿಯಲ್ಲ. ನಾಲ್ಕು ವರ್ಷ ಆ ದಂಡೆಯ ಮೇಲೆ ಸೈಕಲ್ ತುಳಿದವರು.

ಮುಂದೆ ಮೂಡಲಗಿಗೆ ವರ್ಗವಾಯಿತು. ಅಲ್ಲಿಯೇ ಮನೆ ಕಟ್ಟಿಸಿ, ಅಲ್ಲಿಯೇ ನಿವೃತ್ತರಾದರು. ನಿವೃತ್ತಿಯಾದ ಮರುವರ್ಷ ಬೆಂಗಳೂರಿನ ಒಂದು ಅಧ್ಯಯನ ಸಂಸ್ಥೆಯಿಂದ ಅವರಿಗೆ ಫೋನು ಬಂತು. ಸರಕಾರಕ್ಕೆ ಸಲಹೆ ಕೊಡುವ ಸಂಸ್ಥೆ. ಹತ್ತು ಹದಿನೈದು ಮಕ್ಕಳಿರುವ ಸಣ್ಣ ಶಾಲೆಗಳನ್ನು ಏನು ಮಾಡಬೇಕು ಎಂದು ವರದಿ ಬರೆಯುವ ಕೆಲಸ ಹಿಡಿದಿದ್ದರು. ಅದರ ಮುಖ್ಯಸ್ಥೆ ಡಾಕ್ಟರ್ ಮಾಯಾ ಮಾಥುರ, ದಿಲ್ಲಿಯಲ್ಲಿ ಬೆಳೆದವರು. ಕನ್ನಡ ಬರುತ್ತಿರಲಿಲ್ಲ. ಮಾಸ್ತರರ ಒಂದು ಪತ್ರವನ್ನು ಯಾರೋ ಇಂಗ್ಲಿಷಿಗೆ ಮಾಡಿ ತೋರಿಸಿದ್ದರಂತೆ. "ನಿಮ್ಮ ವಿಚಾರ ಬಹಳ ಸ್ಪಷ್ಟವಾಗಿದೆ. ನಮ್ಮ ಜೊತೆ ತಿರುಗಾಡಿ ಜನರ ಮಾತನ್ನು ನನಗೆ ಹೇಳುವಿರಾ?" ಎಂದು ಕೇಳಿದರು.

ಮಾಸ್ತರರು ಆವತ್ತು ನಮ್ಮ ಮನೆಗೆ ಬಂದು ಎರಡು ಕಪ್ ಚಹಾ ಕುಡಿದರು. "ಮೂವತ್ತು ವರ್ಷ ಬರದದ್ದು ಯಾರೋ ಒಬ್ರು ಓದ್ಯಾರ ನೋಡು ಮಲ್ಲೇಶ" ಅಂದರು. ಅವರ ಕಣ್ಣು ತುಂಬಿತ್ತು. ನನಗೂ ಖುಷಿಯಾಯಿತು.

ನವೆಂಬರ್ ತಿಂಗಳು ಹದಿನಾರು ತೋಟ ತಿರುಗಿದರು. ಜೋಡಬೇವಿನ ತೋಟಕ್ಕೆ ಹೋದಾಗ ಮಧ್ಯಾಹ್ನ ಒಂದೂವರೆ. ಸತ್ತೆವ್ವ ಈಗ ಶಾಲೆಯ ಬಿಸಿಯೂಟದ ಅಡುಗೆಯವಳು. ಮೊಮ್ಮಗಳು ಕಾಜಲ್ ಅದೇ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದುತ್ತಿದ್ದಳು. ಮಾಯಾ ಅವರು ಕಟ್ಟೆಯ ಮೇಲೆ ಕುಳಿತು, ಈ ಶಾಲೆಯನ್ನು ಆಚೆಯ ದೊಡ್ಡ ಶಾಲೆಗೆ ಕೂಡಿಸಿದರೆ ಹೇಗೆ ಎಂದು ಮಾಸ್ತರರ ಮೂಲಕ ಕೇಳಿಸಿದರು. ಸತ್ತೆವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಹೆಂಗ ಕಳಸೂದ್ರಿ ಹುಡುಗೂರನ್ನ? ನಡುವ ಕಾಲುವಿ ಐತಿ. ನೀರು ಬಿಟ್ರ ದಂಡಿತನಾ ತುಂಬಿ ಹರೀತೈತಿ. ಬ್ರಿಜ್ಜಿನ ಮ್ಯಾಲೆ ಸುತ್ತ ಹಾಕಿ ಹೋಗಬೇಕಂದ್ರ ಹಾದಿ ತುಂಬ ಆಳೆತ್ತರ ಕಬ್ಬು. ಹೆಣ್ಣುಹುಡುಗೂರನ್ನ ಯಾರು ಕಳಸ್ತಾರ? ಈ ಮೇಡಂ ಬಾಯಾರು ತಮ್ಮ ಮಗಳನ್ನ ಕಳಸ್ತಾರೇನು ಕೇಳ್ರಿ. ಕಾರಿನ್ಯಾಗ ಬಂದು ಕಾರಿನ್ಯಾಗ ಹೋಗವ್ರಿಗೆ ಎಲ್ಲಾ ಬಾಜೂಕ ಕಾಣ್ತೈತಿ."

ಸುತ್ತಲಿದ್ದ ಹೆಂಗಸರು ನಕ್ಕರು. ಮಾಯಾ ಪೆನ್ನು ಹಿಡಿದು ಮಾಸ್ತರರ ಮುಖ ನೋಡಿದರು.

ಮಾಸ್ತರರಿಗೆ ನಾಚಿಕೆಯಾಯಿತು. ತಮ್ಮ ಬಗ್ಗೆ ಅಲ್ಲ, ಸತ್ತೆವ್ವನ ಬಗ್ಗೆ. ಇಷ್ಟು ದೊಡ್ಡವರು ಬಂದಿರುವಾಗ ಹೀಗೆ ಒರಟಾಗಿ ಮಾತಾಡುತ್ತಾಳಲ್ಲ ಎಂದು. ಅದರ ಮೇಲೆ, ದೊಡ್ಡ ಶಾಲೆಯೇ ಮಕ್ಕಳಿಗೆ ಒಳ್ಳೆಯದು ಎಂದು ಅವರೇ ಪೇಪರಿನಲ್ಲಿ ಮೂರು ಸಲ ಬರೆದಿದ್ದರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: "ದೂರ ಸ್ವಲ್ಪ ಹೆಚ್ಚಾಗುತ್ತದೆ ಎಂಬ ಆತಂಕ ಇದೆ. ಆದರೆ ಒಳ್ಳೆಯ ಶಾಲೆ ಸಿಗುವುದಾದರೆ ಒಪ್ಪುತ್ತಾರೆ."

ಎರಡನೆಯ ವಾಕ್ಯವನ್ನು ಸತ್ತೆವ್ವ ಆಡಿರಲೇ ಇಲ್ಲ. ಮಾಯಾ ಎರಡನ್ನೂ ಬರೆದುಕೊಂಡರು.

ಸತ್ತೆವ್ವ ಕಣ್ಣು ಸಣ್ಣದು ಮಾಡಿ ಕೇಳಿದಳು. "ನಾ ಅಷ್ಟ ಹೇಳಿದ್ದು ಇಂಗ್ಲಿಷಿನ್ಯಾಗ ಇಷ್ಟ ಸಣ್ಣದಾತೇನ್ರಿ ಸರ್ರ?"

"ಎಲ್ಲಾ ಹೇಳೇನವ್ವಾ" ಅಂದರು ಮಾಸ್ತರರು.

ಫೆಬ್ರವರಿಯಲ್ಲಿ ಗೋಕಾಕದ ಒಂದು ಹೊಟೇಲಿನ ಹಾಲ್‌ನಲ್ಲಿ ಕರಡು ವರದಿಯ ಸಭೆ ಆಯಿತು. ಶಿಕ್ಷಕರ ಪರವಾಗಿ ನನ್ನನ್ನೂ ಕರೆದಿದ್ದರು. ಗೋಡೆಯ ಮೇಲೆ ನಕ್ಷೆ ಬಿತ್ತು. ಪ್ರತಿ ದೊಡ್ಡ ಶಾಲೆಯ ಸುತ್ತ ಒಂದು ಕಿಲೋಮೀಟರಿನ ಹಸಿರು ವೃತ್ತ; ವೃತ್ತದೊಳಗೆ ಬಿದ್ದ ಸಣ್ಣ ಶಾಲೆಗಳಿಗೆ ಕೆಂಪು ಚುಕ್ಕಿ. ನಾನು ಎದ್ದು ನಿಂತೆ. ನಮ್ಮ ನಾಗನೂರಿನ ಕಡೆ ಒಂದು ತೋಟದಿಂದ ಬರುವ ಮಕ್ಕಳು ಮಳೆಗಾಲದಲ್ಲಿ ಹಳ್ಳ ಬಂದಾಗ ವಾರಗಟ್ಟಲೆ ಶಾಲೆ ಬಿಡುತ್ತಾರೆ, ನಕ್ಷೆಯಲ್ಲಿ ಆ ಹಳ್ಳ ಇಲ್ಲ ಎಂದು ಹೇಳತೊಡಗಿದೆ. ಮಾಯಾ ಅವರ ಸಹಾಯಕ, ತೋಟ ತಿರುಗಲು ಬಂದಿರದ ಅಭಿಷೇಕ ಎಂಬ ಯುವಕ, ನಡುವೆಯೇ ತಡೆದ. "ಸರ್, ಅದು ಒಂದು ಊರಿನ ಕಥೆ. ಕಥೆ ಕೇಳಿ ನೀತಿ ಮಾಡಲಿಕ್ಕಾಗುವುದಿಲ್ಲ."

ಹಾಲ್‌ನಲ್ಲಿ ಕೆಲವರು ನಕ್ಕರು. ನಾನು ಕುಳಿತೆ. ಮಾಸ್ತರರು ನನ್ನ ಕಡೆ ನೋಡಲಿಲ್ಲ.

ಆಗ ಮಾಯಾ ಅವರೇ ಕೇಳಿದರು. "ಸಿದ್ರಾಯ ಸರ್, ಈ ಭಾಗ ನಿಮಗೆ ಚೆನ್ನಾಗಿ ಗೊತ್ತು. ಏನಾದರೂ ಬಿಟ್ಟುಹೋಗಿದೆಯೇ?"

ಜೋಡಬೇವಿನ ತೋಟದ ಕೆಂಪು ಚುಕ್ಕಿ ಅವರ ಕಣ್ಣ ಮುಂದೆಯೇ ಇತ್ತು. ವೃತ್ತದ ನಡುವೆ ಕೂದಲೆಳೆಯಷ್ಟು ಸಪೂರ ನೀಲಿ ಗೆರೆ. ಅದು ಕಾಲುವೆ. ಅವರು ಅದನ್ನು ನೋಡಿದರು. ನೋಡಿದ್ದು ತಮಗೆ ಖಚಿತವಾಗಿ ನೆನಪಿದೆ ಎಂದು ಆಮೇಲೆ ನನಗೆ ಹೇಳಿದರು. ಬಾಯಿ ತೆರೆದರೆ ನಾನೂ ಕಥೆ ಹೇಳುವ ಹಳ್ಳಿ ಮಾಸ್ತರ ಆಗಿಬಿಡುತ್ತೇನೆ ಎಂದು ಹೆದರಿಕೆಯಾಯಿತಂತೆ. "ಇಲ್ಲ ಮೇಡಂ, ಬಹಳ ಸ್ಪಷ್ಟವಾಗಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ವರದಿ ಅಚ್ಚಾಗಿ ಬಂತು. ಕೊನೆಯ ಪುಟದಲ್ಲಿ ಅವರ ಹೆಸರು, ಮುಂದೆ "ಸ್ಥಳೀಯ ಶಿಕ್ಷಣ ತಜ್ಞರು" ಎಂದು. ಘಟಪ್ರಭಾದಲ್ಲಿ ಒಂದು ಸಂಘದವರು ಶಾಲು ಹೊದಿಸಿ ಸತ್ಕಾರ ಮಾಡಿದರು. ನಾನೂ ಹೋಗಿ ಹಾರ ಹಾಕಿ ಬಂದೆ.

ಜೂನ್ ತಿಂಗಳಲ್ಲಿ ಜೋಡಬೇವಿನ ತೋಟದ ಶಾಲೆಗೆ ಕೀಲಿ ಬಿತ್ತು. ಹನ್ನೊಂದು ಮಕ್ಕಳಿದ್ದರು. ನಾಲ್ಕು ಗಂಡುಹುಡುಗರು ಸೈಕಲ್ ಮೇಲೆ ಸುತ್ತು ಹಾಕಿ ಆಚೆ ಶಾಲೆಗೆ ಹೋಗತೊಡಗಿದರು. ಇಬ್ಬರನ್ನು ಬೀಗರ ಮನೆಯಲ್ಲಿಟ್ಟರು. ಉಳಿದ ಐದು ಮಂದಿ ಹೆಣ್ಣುಮಕ್ಕಳು. ನೀರಿಲ್ಲದ ಕಾಲುವೆ ಇಳಿದು ದಾಟಿ ಹದಿನೈದು ದಿನ ಹೋದರು. ಕಾಲುವೆಗೆ ನೀರು ಬಿಟ್ಟ ಮೇಲೆ ತಾಯಂದಿರು ಕಳಿಸುವುದನ್ನು ನಿಲ್ಲಿಸಿದರು.

ಮಾಸ್ತರರಿಗೆ ಇದು ತಿಳಿದದ್ದು ಸೆಪ್ಟೆಂಬರಿನಲ್ಲಿ, ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ. ಹುಕ್ಕೇರಿಯಲ್ಲಿರುವ ಮಗಳ ಮನೆಗೆ ಹೊರಟು ನಿಂತಿದ್ದರು. ಸಂತೆಯ ದಿನ. ಸತ್ತೆವ್ವ ಮೊಮ್ಮಗಳ ಜೊತೆ ಎದುರಾದಳು. ಕಾಜಲಳ ಕೈಯಲ್ಲಿ ಕಳೆ ತೆಗೆಯುವ ಹೊಸ ಕುರ್ಪಿ. ಅವಳ ಕೈಯ ಅಳತೆಗೆ ತಕ್ಕಂಥ ಸಣ್ಣದು.

"ಸಾಲಿ ಬಿಡಿಸಿದ್ಯೇನವ್ವಾ ಇಕಿನ್ನ?" ಎಂದು ಕೇಳಿದರು.

ಸತ್ತೆವ್ವ ಎಲ್ಲ ಹೇಳಿದಳು. ಸಿಟ್ಟು ಮಾಡಲಿಲ್ಲ. ಕೊನೆಗೆ ಕೇಳಿದಳು. "ಸರ್ರ, ಆವತ್ತ ನಾ ಹೇಳಿದ ಕಾಲುವಿ ಮಾತು ನೀವು ಆ ಬಾಯಾರಿಗೆ ಹೇಳಿದ್ರಿ ಹೌದಿಲ್ರಿ?"

"ಹೇಳೇನವ್ವಾ" ಅಂದರು ಮಾಸ್ತರರು. "ಅವ್ರು ಕೇಳಬೇಕಲ್ಲ."

"ಹೌದು ಬಿಡ್ರಿ, ದೊಡ್ಡವ್ರು. ನೀವರ ಏನ ಮಾಡ್ತೀರಿ? ನೀವು ನಮ್ಮವ್ರು, ನಮ್ಮ ಸಲುವಾಗಿ ಹೇಳಿದ್ರಲ್ಲ, ಅಷ್ಟ ಸಾಕು." ಅಷ್ಟು ಹೇಳಿ ಸತ್ತೆವ್ವ ಮೊಮ್ಮಗಳ ಕೈ ಹಿಡಿದು ಟಂಟಂ ರಿಕ್ಷಾ ಹತ್ತಿದಳು.

ಹುಕ್ಕೇರಿ ಬಸ್ಸು ಬಂದು ನಿಂತಿತು, ಹೋಯಿತು. ಮಾಸ್ತರರು ಹತ್ತಲಿಲ್ಲ. ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ದಾಕ್ಷಾಯಿಣಿಯವರು ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದರಂತೆ. ಹಣೆ ತಣ್ಣಗಿತ್ತು.

ಮಾಯಾ ಅವರಿಗೆ ಒಂದು ಪತ್ರ ಬರೆಯಲು ಮಾಸ್ತರರಿಗೆ ಒಂದು ತಿಂಗಳು ಹಿಡಿಯಿತು. ಹಾಳೆಯ ಮೇಲೆ ಹಾಳೆ ಹರಿದರು. ಕೊನೆಗೆ ಕಳಿಸಿದ ಪತ್ರದಲ್ಲಿ ಇದ್ದದ್ದು, "ಜೋಡಬೇವಿನ ತೋಟದ ವಿಷಯದಲ್ಲಿ ಒಂದು ಅಂಶ ಬಿಟ್ಟುಹೋದಂತೆ ಕಾಣುತ್ತದೆ" ಎಂದು. ಯಾರು ಬಿಟ್ಟರು ಎಂಬುದು ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಮಾಯಾ ಹತ್ತೇ ದಿನದಲ್ಲಿ ಬಂದರು. ತೋಟದ ಜನ ಕಳೆ ತೆಗೆಯಲು ದೂರದ ಹೊಲಕ್ಕೆ ಹೋಗಿದ್ದರು. ಕೀಲಿ ಹಾಕಿದ ಶಾಲೆಯಿಂದ ಆಚೆ ಶಾಲೆಯವರೆಗೆ ಮಾಯಾ ಬಿಸಿಲಲ್ಲಿ ನಡೆದೇ ಹೋದರು, ಮಾಸ್ತರರು ಹಿಂದೆ ಹಿಂದೆ. ಒಂದು ತಾಸು ಹಿಡಿಯಿತು. ಸೇತುವೆಯ ಕಟ್ಟೆಯ ಮೇಲೆ ಕುಳಿತು ಮಾಯಾ ತಮ್ಮ ಹಳೆಯ ನೋಟ್‌ಬುಕ್ ತೆಗೆದರು.

"ಆವತ್ತು ಆ ಅಡುಗೆಯಾಕೆ ಬಹಳ ಹೊತ್ತು ಮಾತಾಡಿದ್ದರು. ಇಲ್ಲಿ ಎರಡೇ ಸಾಲು ಇದೆ. ಕಾಲುವೆಯ ವಿಷಯ ಅವರು ಹೇಳಲೇ ಇಲ್ಲವೇ, ಸರ್?"

"ನನಗೆ ನೆನಪಿಲ್ಲ" ಅಂದರು ಮಾಸ್ತರರು.

"ಅವರು ಹೇಳದಿದ್ದರೂ ನಾನು ನಡೆದು ನೋಡಬೇಕಿತ್ತು" ಎಂದು ಮಾಯಾ ನೋಟ್‌ಬುಕ್ ಮುಚ್ಚಿದರು.

ಮುಂದಿನ ವರ್ಷ ಅದೇ ಯೋಜನೆಯ ಎರಡನೆಯ ಪಟ್ಟಿ ಬಂತು. ಹುಕ್ಕೇರಿ ತಾಲೂಕಿನ ಹತ್ತೊಂಬತ್ತು ಶಾಲೆಗಳು. ಅದರ ಮೇಲೆ ಹುಕ್ಕೇರಿಯಲ್ಲಿ ಸಾರ್ವಜನಿಕ ಸಭೆ. ಮಾಸ್ತರರು ಹೋಗುವುದಿಲ್ಲ ಎಂದಿದ್ದರು. ನಾನೇ ಬಲವಂತ ಮಾಡಿ ಕರೆದೊಯ್ದೆ. ಆಗ ನನಗೆ ಏನೂ ಗೊತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಕುಳಿತೆವು.

ಮಾಯಾ ಮೈಕಿನ ಮುಂದೆ ನಿಂತರು. ಅಭಿಷೇಕ ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ಮಾಡುತ್ತ ಹೋದ. "ಪಟ್ಟಿಗೆ ಹೋಗುವ ಮೊದಲು ಒಂದು ತಪ್ಪನ್ನು ಹೇಳಬೇಕು. ಕಳೆದ ವರ್ಷ ಮೂಡಲಗಿ ಭಾಗದ ಒಂದು ಶಾಲೆಯ ಬಗ್ಗೆ ನಮ್ಮ ವರದಿ ತಪ್ಪಾಗಿತ್ತು. ಐದು ಹೆಣ್ಣುಮಕ್ಕಳ ಓದು ನಿಂತಿತು. ನಕ್ಷೆಯನ್ನು ನಂಬಿ ನಾನು ದಾರಿ ನಡೆದು ನೋಡಲಿಲ್ಲ. ಇದು ನನ್ನ ತಪ್ಪು."

ಹಿಂದಿನಿಂದ ಒಬ್ಬ ಮುಖಂಡ ಎದ್ದು ಕೂಗಿದ. "ದಿಲ್ಲಿಯಿಂದ ಬಂದು ನಮ್ಮ ಮಕ್ಕಳ ಮ್ಯಾಲ ಪ್ರಯೋಗ ಮಾಡಾಕತ್ತೀರೇನ್ರಿ? ನಮ್ಮ ನೆಲ ನಿಮಗ ಏನ ಗೊತ್ತೈತಿ? ನಿಮ್ಮಂಥ ತಜ್ಞರು ಬ್ಯಾಡ ನಮಗ!"

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಗೋಕಾಕದಲ್ಲಿ ಆದ ಅವಮಾನ ನನಗೆ ಮರೆತಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಮಾಸ್ತರರೂ ತಟ್ಟುತ್ತಿದ್ದರು. ಎರಡು ಸಲ, ಮೂರು ಸಲ. ಆಮೇಲೆ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. ಬೇರೆ ಯಾರದೋ ಕೈ ತಮ್ಮ ಮಡಿಲಲ್ಲಿ ಬಿದ್ದಿರುವಂತೆ ನೋಡಿದರು. ಮುಖ ಕಪ್ಪಿಟ್ಟಿತು.

ವೇದಿಕೆಯ ಮೇಲೆ ಮಾಯಾ ತಲೆ ತಗ್ಗಿಸದೆ ನಿಂತಿದ್ದರು. ಒಮ್ಮೆ ಮೂರನೆಯ ಸಾಲಿನ ಕಡೆ ನೋಡಿದರು. ಅವರಿಗೆ ಎಷ್ಟು ಗೊತ್ತಿತ್ತೋ ನಾನರಿಯೆ. ಯಾರ ಹೆಸರನ್ನೂ ಹೇಳಲಿಲ್ಲ.

ಸಭೆ ಮತ್ತೂ ಒಂದು ತಾಸು ನಡೆಯಿತು. ಅಷ್ಟೂ ಹೊತ್ತು ಮಾಸ್ತರರು ಎದ್ದು ನಿಲ್ಲಬೇಕೆಂದು ಕುರ್ಚಿಯ ತುದಿಗೆ ಬರುವುದು, ಮತ್ತೆ ಹಿಂದೆ ಸರಿಯುವುದು. ಕೊನೆಗೆ ಎದ್ದರು. ಅಷ್ಟರಲ್ಲಿ ವಂದನಾರ್ಪಣೆ ಮುಗಿದು, ಜನ ಊಟದ ಸಾಲಿಗೆ ಹೊರಟಿದ್ದರು. ಅವರು ವೇದಿಕೆಯ ಬಳಿ ಹೋಗಿ ಮೈಕು ಹಿಡಿದರು. ಮೈಕು ಬಂದ್ ಆಗಿತ್ತು. ಬರಿ ದನಿಯಲ್ಲೇ ಹೇಳಿದರು.

"ಬಾಯಾರದು ತಪ್ಪಲ್ಲ. ಜೋಡಬೇವಿನ ತೋಟದ ಸತ್ತೆವ್ವ ಕಾಲುವಿ ಮಾತು ಹೇಳಿದ್ಲು. ನಾನು ಅದನ್ನ ಇಂಗ್ಲಿಷಿನ್ಯಾಗ ಹೇಳಲಿಲ್ಲ. ಆಕಿ ಹೇಳದ ಮಾತು ಹೇಳಿದೆ. ಗೋಕಾಕದಾಗ ಮ್ಯಾಪಿನ್ಯಾಗ ಕಾಲುವಿ ಕಂಡೂ ಸುಮ್ಮಕುಂತೆ. ಈಗ ಚಪ್ಪಾಳಿನೂ ಹೊಡದೆ."

ಕೇಳಿದವರು ಹತ್ತು ಹನ್ನೆರಡು ಮಂದಿ. ತಟ್ಟೆ ಹಿಡಿದ ಒಬ್ಬ ದೂರದಿಂದ "ಏನಂತರೀ ಅವರು?" ಎಂದು ಕೇಳಿದ. ಅಭಿಷೇಕ ಮೆಲ್ಲಗೆ ಮಾಯಾ ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಒಂದು ಮಾತೂ ಬಿಡದೆ ಹೇಳಿದನೆಂದು ಕಾಣುತ್ತದೆ, ಬಹಳ ಹೊತ್ತು ಹಿಡಿಯಿತು. ಮಾಯಾ ಕೆಳಗಿಳಿದು ಬಂದು, "ಸೇತುವೆಯ ಮೇಲೆ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು, ಸರ್" ಎಂದಷ್ಟೇ ಅಂದರು. ಬೈದಿದ್ದರೆ ಸಲೀಸಿತ್ತು ಎಂದು ಮಾಸ್ತರರು ಈಗಲೂ ಹೇಳುತ್ತಾರೆ.

ಸೂರಜ ಎಂಬ ವರದಿಗಾರ ಓಡಿ ಬಂದ. ಅವನು ಮಾಸ್ತರರ ಕೈಯಲ್ಲೇ ಕಲಿತವನು. "ಸರ್ರ, ಇದನ್ನ ನಾಳೆ ಹಾಕಲ್ಯಾ? ನಿಮ್ಮ ಹೆಸರು ಬ್ಯಾಡಂದ್ರ ಬಿಡ್ತೇನಿ."

"ಹೆಸರು ಹಾಕಿನ ಬರಿ" ಅಂದರು.

ಮರುದಿನ ಒಳಪುಟದಲ್ಲಿ ಆರು ಸಾಲು ಬಂತು. ಅದರ ಮರುದಿನ ಮಾಸ್ತರರು ಜೋಡಬೇವಿನ ತೋಟಕ್ಕೆ ಹೋದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನು ಕರೆದುಕೊಂಡರು. ಸತ್ತೆವ್ವ ಅಂಗಳದಲ್ಲಿ ಜೋಳ ಹಸನ ಮಾಡುತ್ತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ, ಮೊರವನ್ನೂ ಕೆಳಗಿಡಲಿಲ್ಲ.

"ಪೇಪರಿನ್ಯಾಗ ಬಂದದ್ದು ಕಾಜಲ್ ಓದಿ ಹೇಳಿದ್ಲು" ಅಂದಳು.

"ತಪ್ಪಾತವ್ವಾ" ಅಂದರು ಮಾಸ್ತರರು.

"ಊರಿಗೆಲ್ಲಾ ಹೇಳಿದ್ರಿ. ಬಸ್‌ಸ್ಟ್ಯಾಂಡಿನ್ಯಾಗ ನಾ ಒಬ್ಬಾಕಿ ಕೇಳಿದಾಗ ಯಾಕ ಹೇಳಲಿಲ್ರಿ? ನಿಮಗ ನಾ ಏನ ಮಾಡ್ತಿದ್ದೆ? ನನಗ ಅಂಜೂವಂಥಾದ್ದೇನಿತ್ತು?"

ಮಾಸ್ತರರು ಅಂಗಳದ ನೆಲದ ಮೇಲೆ ಕುಳಿತರು.

"ಆ ಬಾಯಾರನ್ನ ವರ್ಷಾನಗಟ್ಲೆ ಬೈದೇನಿ ನಾನು. ದೇವರ ಮುಂದ ನಿಂತು ಬೈದೇನಿ. ಆ ಪಾಪ ಯಾರಿಗ್ರಿ?" ಎಂದು ಸತ್ತೆವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಕಾಜಲ್ ಒಂದು ತಂಬಿಗೆ ನೀರು ತಂದಿಟ್ಟಳು. ಮತ್ತೆ ಶಾಲೆಗೆ ಹೋಗುತ್ತೀಯಾ ಎಂದು ಮಾಸ್ತರರು ಕೇಳಿದರು.

"ಸಣ್ಣವರ ಜೋಡಿ ಕುಂದ್ರಬೇಕ್ರಿ. ನಾ ಒಲ್ಲೆ" ಅಂದಳು ಹುಡುಗಿ, ನೆಲ ನೋಡುತ್ತ.

ಆಮೇಲೆ ಆದದ್ದು ಇಷ್ಟು. ಹುಕ್ಕೇರಿಯ ಹತ್ತೊಂಬತ್ತು ಶಾಲೆಗಳ ದಾರಿಯನ್ನೂ ಮಾಯಾ ಅವರ ತಂಡದವರು ನಡೆದು ನೋಡಿದರು, ತಾಯಂದಿರ ಜೊತೆಯಲ್ಲೇ. ಎಂಟು ಶಾಲೆಗಳನ್ನು ಪಟ್ಟಿಯಿಂದ ತೆಗೆದರು. ಜೋಡಬೇವಿನ ತೋಟದ ಶಾಲೆ ಮಾತ್ರ ಮತ್ತೆ ತೆರೆಯಲಿಲ್ಲ. ಮಕ್ಕಳು ಚದುರಿಹೋಗಿದ್ದರು, ಈಗ ಲೆಕ್ಕಕ್ಕೆ ಸಾಲುವುದಿಲ್ಲ ಎಂದು ಸರಕಾರದಿಂದ ಉತ್ತರ ಬಂತು. ಆ ಕೋಣೆಯಲ್ಲಿ ಈಗ ಗೊಬ್ಬರದ ಚೀಲಗಳಿವೆ.

ದಾಕ್ಷಾಯಿಣಿಯವರಿಗೆ ಎಲ್ಲ ತಿಳಿಯಿತು. ತಾವೇ ತೋಟಕ್ಕೆ ಹೋದರು. ಮೊದಲ ಸಲ ಸತ್ತೆವ್ವ ಬಾಗಿಲಲ್ಲೇ ಮಾತಾಡಿ ಕಳಿಸಿದಳು. ಮೂರನೆಯ ಸಲ ಒಳಗೆ ಕರೆದು ಕೂಡಿಸಿದಳು. ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ, ಓದು ನಿಂತವರಿಗಾಗಿಯೇ ಇರುವ ವರ್ಗಕ್ಕೆ ಕಾಜಲ್ ಸೇರಿದಳು. "ಅಕ್ಕೋರ, ನಿಮ್ಮ ಮಾರಿ ನೋಡಿ ಕಳಸಾಕತ್ತೇನಿ, ಅವರದಲ್ಲ" ಎಂದು ಸತ್ತೆವ್ವ ಸ್ಪಷ್ಟವಾಗಿ ಹೇಳಿಯೇ ಕಳಿಸಿದಳು. ಆ ಮಾತನ್ನು ದಾಕ್ಷಾಯಿಣಿಯವರು ಮನೆಗೆ ಬಂದು ಗಂಡನಿಗೆ ಇದ್ದ ಹಾಗೆಯೇ ಹೇಳಿದರು.

ಮೊನ್ನೆ ಕಾಜಲ್ ಏಳನೆಯ ಇಯತ್ತೆ ಪಾಸಾದ ಸುದ್ದಿ ಬಂತು. ನಾನು ಮಾಸ್ತರರ ಮನೆಗೆ ಹೋಗಿ, "ಸರ್ರ, ಇನ್ನರ ಮನಸಿಗೆ ಹಚ್ಚಿಕೊಳ್ಳೂದ ಬಿಡ್ರಿ. ಹುಡುಗಿ ದಾರಿಗೆ ಬಂದ್ಲಲ್ಲ" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಐದು ಮಂದಿ ಇದ್ರು ಮಲ್ಲೇಶ. ಉಳಿದ ನಾಲ್ಕು ಮಂದಿ ಹೆಸರು ನಿನಗ ಗೊತ್ತದಾವೇನು?"

ನನಗೆ ಗೊತ್ತಿರಲಿಲ್ಲ. ಅವರು ಒಂದೊಂದಾಗಿ ಹೇಳಿದರು. ಮಯೂರಿ, ಅವಳಿಗೆ ಗಂಡು ನೋಡಾಕತ್ತಾರ. ರೇಣವ್ವ, ಕಬ್ಬು ಕಡಿಯೂ ಗ್ಯಾಂಗಿನ ಜೋಡಿ ಹೋಗ್ಯಾಳ. ಲಗಮವ್ವ, ತಮ್ಮನ್ನ ಆಡಿಸ್ಕೋತ ಮನ್ಯಾಗ ಅದಾಳ. ನಾಲ್ಕನೆಯವಳು ಸುರೇಖಾ. ಅವಳ ಮನೆಯವರು ತೋಟ ಬಿಟ್ಟು ಹೋಗಿದ್ದಾರೆ. ಎಲ್ಲಿಗೆ ಹೋದರೆಂದು ಮಾಸ್ತರರು ಎರಡು ತಿಂಗಳಿಂದ ಕೇಳುತ್ತಿದ್ದಾರೆ, ಇನ್ನೂ ತಿಳಿದಿಲ್ಲ.